ಒಣಗಿಸಿದ ಕ್ರೂಕಾಕ್ಸಿಡಿಯಾಪ್ಸಿಸ್ ನೀರು ಕೊಟ್ಟರೂ ಏಳುತ್ತಿಲ್ಲ, ಆದರೆ ಕೆಂಪಗೆ ಹೊಳೆಯುತ್ತಿದೆ

ಹಸಿರುಪೊರೆ:

ಮರುಭೂಮಿಯ ಕಲ್ಲಿನೊಳಗೆ ವರ್ಷಗಟ್ಟಲೆ ನೀರಿಲ್ಲದೆ ಬದುಕುವ ಸಯಾನೋಬ್ಯಾಕ್ಟೀರಿಯಾ (ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ) ಎಂದು ಹೆಸರಾದ ಕ್ರೂಕಾಕ್ಸಿಡಿಯಾಪ್ಸಿಸ್ ಬರೀ 30 ದಿನದ ಒಣಗಾಟಕ್ಕೇ ಸಾಯುತ್ತಿದೆ. ವಿಧಾನ ಹೀಗಿದೆ, ತಪ್ಪು ಎಲ್ಲಿದೆ ನೋಡಿ ಹೇಳಿ.

ಬಿಜಿ-11 ದ್ರವದಲ್ಲಿ (ಸಯಾನೋಬ್ಯಾಕ್ಟೀರಿಯಾ ಬೆಳೆಸುವ ಲವಣ ಮಾಧ್ಯಮ) ಅಲುಗಾಡಿಸುತ್ತಾ ಬೆಳೆಸಿದ 10 ದಿನದ ಕಲ್ಚರ್. ತಾಪಮಾನ 25 ಡಿಗ್ರಿ, ಬೆಳಕು ದಿನವಿಡೀ 60 ಮೈಕ್ರೋಮೋಲ್ (ಚದರ ಮೀಟರಿಗೆ, ಸೆಕೆಂಡಿಗೆ ಬೀಳುವ ಫೋಟಾನ್). 20 ಮೈಕ್ರೋಲೀಟರಿನ ಹನಿಗಳನ್ನು ಗಾಜಿನ ಸ್ಲೈಡಿನ ಮೇಲಿಟ್ಟು ಲ್ಯಾಮಿನಾರ್ ಹುಡ್ಡಿನ ಗಾಳಿಯಲ್ಲಿ, ಒಳಗಿನ ದೀಪ ಉರಿಯುತ್ತಿರುವಾಗಲೇ, ಒಣಗಿಸಿದ್ದು. ಮುಕ್ಕಾಲು ಗಂಟೆಯೊಳಗೆ ಒಣಗುತ್ತದೆ. ನಂತರ ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ (ತೇವ ಹೀರುವ ಮುಚ್ಚಿದ ಗಾಜಿನ ಪಾತ್ರೆ), ಮೇಜಿನ ಮೇಲೆಯೇ, 30 ದಿನ. ಆಮೇಲೆ ಬಿಜಿ-11 ಹಾಕಿ ಮತ್ತೆ ಅದೇ 60 ಮೈಕ್ರೋಮೋಲ್ ಬೆಳಕಿಗೆ. ಒಂದು ವಾರವಾದರೂ ಹಸಿರು ಕಾಣುವುದಿಲ್ಲ, ಇದ್ದ ಹಸಿರೂ ಮಾಸುತ್ತದೆ. ಅಗಾರ್ ತಟ್ಟೆಯ ಮೇಲೂ ಕಾಲೊನಿ ಇಲ್ಲ.

ವಿಚಿತ್ರವೆಂದರೆ ನೀರು ಹಾಕಿದ ಕೂಡಲೇ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹತ್ತರಲ್ಲಿ ಒಂಬತ್ತು ಕೋಶ ಕೆಂಪಗೆ ಹೊಳೆಯುತ್ತವೆ. ಬದುಕಿದ್ದರೆ ಬೆಳೆಯುವುದಿಲ್ಲ ಏಕೆ, ಸತ್ತಿದ್ದರೆ ಹೊಳೆಯುವುದು ಹೇಗೆ? ತಳಿಯೇ ಕೆಟ್ಟಿದೆಯೇ? ಇದು ಸರಿಹೋದರೆ ಮುಂದಿನ ಹಂತ 254 ನ್ಯಾನೋಮೀಟರ್ ಅತಿನೇರಳೆ ಪ್ರಯೋಗ, ಅದಕ್ಕೂ ಸಲಹೆ ಬೇಕು.

ಶಿಲಾಗರ್ಭ:

ತಳಿಯನ್ನು ಬೈಯುವ ಮೊದಲು ವಿಧಾನವನ್ನು ನೋಡಿ. ಈ ಜೀವಿ ಒಣಗುವುದು ಕಲ್ಲಿನ ಸಂದಿಯಲ್ಲಿ, ಅರೆಬೆಳಕಿನಲ್ಲಿ, ತನ್ನದೇ ಲೋಳೆಯಲ್ಲಿ ಗುಂಪಾಗಿ ಹುದುಗಿಕೊಂಡು. ನೀವು ಅದನ್ನು ಒಂಟಿ ಕೋಶಗಳಾಗಿ, ಎಳೆಯ ವಯಸ್ಸಿನಲ್ಲಿ, ದೀಪದ ಕೆಳಗೆ, ಉಪ್ಪಿನ ಹನಿಯೊಳಗೆ ಒಣಗಿಸುತ್ತಿದ್ದೀರಿ. ಸಹಿಸುವ ಶಕ್ತಿ ಇರುವುದು ಆ ಸ್ಥಿತಿಯಲ್ಲಿ, ಹೆಸರಿನಲ್ಲಲ್ಲ.

ಮೊದಲು ಕಲ್ಚರಿನ ವಯಸ್ಸು. ಅಲುಗಾಡಿಸಿದ 10 ದಿನದ ದ್ರವದಲ್ಲಿ ಹೆಚ್ಚಿನವು ಆಗತಾನೇ ವಿಭಜಿಸಿದ, ತೆಳು ಹೊದಿಕೆಯ ಕೋಶಗಳು. ಕನಿಷ್ಠ 6 ವಾರ ಅಲುಗಾಡಿಸದೆ ಬಿಡಿ, ಬೆಳಕು 15ರಿಂದ 20 ಮೈಕ್ರೋಮೋಲ್ ಸಾಕು. ನೈಟ್ರೇಟ್ ಕಡಿಮೆಯಾದಂತೆ ಹೊದಿಕೆ ದಪ್ಪವಾದ ಕೋಶಗಳು ಹೆಚ್ಚುತ್ತವೆ. ಇನ್ನೂ ಒಳ್ಳೆಯದೆಂದರೆ ಅಗಾರ್ ಮೇಲೆಯೇ ಪೊರೆಯಾಗಿ ಬೆಳೆಸುವುದು. ಹೊದಿಕೆ ಇದೆಯೋ ಇಲ್ಲವೋ ನೋಡಲು ಒಂದು ಹನಿಗೆ ಇಂಡಿಯಾ ಇಂಕ್ ಬೆರೆಸಿ ಸೂಕ್ಷ್ಮದರ್ಶಕದಲ್ಲಿಡಿ. ಕಪ್ಪು ಹಿನ್ನೆಲೆಯಲ್ಲಿ ಕೋಶದ ಸುತ್ತ ಬಿಳಿಯ ಬಳೆ ಕಾಣಬೇಕು. ಆಲ್ಷಿಯನ್ ಬ್ಲೂ ಹಾಕಿದರೆ ಆಮ್ಲೀಯ ಲೋಳೆ ನೀಲಿಯಾಗುತ್ತದೆ. ಹಳೆಯ ಕಲ್ಚರಿನಲ್ಲೂ ಎರಡೂ ಕಾಣದಿದ್ದರೆ ಆಗ ತಳಿಯ ಮೇಲೆ ಅನುಮಾನ ಪಡಬಹುದು. ವರ್ಷಗಟ್ಟಲೆ ದ್ರವದಿಂದ ದ್ರವಕ್ಕೆ, ಮೇಲೆ ತೇಲುವುದನ್ನಷ್ಟೇ ಹೀರಿ ವರ್ಗಾಯಿಸುತ್ತಾ ಬಂದರೆ ಲೋಳೆ ಕಡಿಮೆ ಇರುವುದೇ ಆಯ್ಕೆಯಾಗುತ್ತದೆ. ಗುಂಪುಗಟ್ಟಿ ತಳಕ್ಕೆ ಕೂತದ್ದು ಪಿಪೆಟ್ಟಿಗೆ ಸಿಗುವುದೇ ಇಲ್ಲವಲ್ಲ.

ಎರಡನೆಯದು ಉಪ್ಪು. ಬಿಜಿ-11ರಲ್ಲಿ ಲೀಟರಿಗೆ ಸುಮಾರು 1.7 ಗ್ರಾಂ ಲವಣವಿದೆ, ಅದರಲ್ಲಿ 1.5 ಗ್ರಾಂ ಸೋಡಿಯಂ ನೈಟ್ರೇಟ್. ನಿಮ್ಮ 20 ಮೈಕ್ರೋಲೀಟರ್ ಹನಿಯಲ್ಲಿ ಅದು ಹೆಚ್ಚುಕಡಿಮೆ 34 ಮೈಕ್ರೋಗ್ರಾಂ. ಹನಿ ಕುಗ್ಗುತ್ತಾ ಹೋದಂತೆ ಕೋಶವೂ ಉಪ್ಪೂ ಒಟ್ಟಾಗಿ ಅಂಚಿಗೆ ಸರಿದು ಉಂಗುರ ಕಟ್ಟುತ್ತವೆ. ಅಲ್ಲಿ ಕೋಶ ಸಾಯುವುದು ನೀರಿಲ್ಲದ್ದಕ್ಕೆ ಮಾತ್ರವಲ್ಲ, ಒಣಗುವ ಕೊನೆಯ ನಿಮಿಷಗಳ ಗಟ್ಟಿ ಉಪ್ಪುನೀರಿಗೂ. ಹಾಗಾಗಿ ಹನಿ ಬಿಡಿ, ಫಿಲ್ಟರ್ ಹಿಡಿಯಿರಿ. 0.4 ಮೈಕ್ರೋಮೀಟರ್ ರಂಧ್ರದ ಪಾಲಿಕಾರ್ಬೊನೇಟ್ ಪೊರೆಯ ಮೇಲೆ ಕಲ್ಚರನ್ನು ನಿಧಾನ ಎಳೆತದಲ್ಲಿ ಸೋಸಿ, ಹತ್ತು ಪಟ್ಟು ತೆಳುಮಾಡಿದ ಬಿಜಿ-11ರಲ್ಲಿ ಎರಡು ಸಲ ತೊಳೆಯಿರಿ. ಶುದ್ಧ ನೀರಿನಲ್ಲಿ ತೊಳೆಯುವುದು ಬೇಡ. ಎಳೆತ ಜೋರಾಗಿದ್ದರೆ ಕೋಶಗಳು ರಂಧ್ರಕ್ಕೆ ಒತ್ತಿ ಹರಿಯುತ್ತವೆ.

ಮೂರನೆಯದು ಬೆಳಕು. ನಿಮ್ಮ ಕೋಶಗಳನ್ನು ಹೆಚ್ಚಾಗಿ ಕೊಂದಿರುವುದು ಇದೇ ಅನಿಸುತ್ತದೆ. ನೀರು ಹೋಗುತ್ತಿರುವಾಗ ಇಂಗಾಲದ ಸ್ಥಿರೀಕರಣ ಮೊದಲು ನಿಲ್ಲುತ್ತದೆ, ಆದರೆ ಕ್ಲೋರೋಫಿಲ್ ಬೆಳಕು ಹೀರುವುದನ್ನು ನಿಲ್ಲಿಸುವುದಿಲ್ಲ. ಹೋಗಲು ದಾರಿಯಿಲ್ಲದ ಶಕ್ತಿ ಆಮ್ಲಜನಕಕ್ಕೆ ಸೇರಿ ಅದನ್ನು ಕ್ರಿಯಾಶೀಲ ರೂಪಕ್ಕೆ ತಿರುಗಿಸುತ್ತದೆ, ಪ್ರೋಟೀನು, ಪೊರೆ, ಡಿಎನ್‌ಎ ಎಲ್ಲ ಸುಡುತ್ತವೆ. ಒಣಗಿಸುವುದು, ಇಡುವುದು, ನೀರು ಕೊಡುವುದು ಮೂರೂ ಕತ್ತಲಲ್ಲೇ ಆಗಲಿ. ಡೆಸಿಕೇಟರಿಗೆ ಅಲ್ಯುಮಿನಿಯಂ ಹಾಳೆ ಸುತ್ತಿದರೆ ಮುಗಿಯಿತು.

ಒಣಗಿಸುವ ವೇಗವನ್ನು ಹಿಡಿತದಲ್ಲಿಡಲು ಮುಚ್ಚಿದ ಡಬ್ಬಿಯ ತಳದಲ್ಲಿ ಪರ್ಯಾಪ್ತ ಲವಣ ದ್ರಾವಣ ಸಾಕು. 25 ಡಿಗ್ರಿಯಲ್ಲಿ ಪೊಟ್ಯಾಸಿಯಂ ಸಲ್ಫೇಟ್ 97 ಶೇಕಡಾ ಆರ್ದ್ರತೆ ಕೊಡುತ್ತದೆ, ಸೋಡಿಯಂ ಕ್ಲೋರೈಡ್ 75, ಮೆಗ್ನೀಸಿಯಂ ಕ್ಲೋರೈಡ್ 33, ಲಿಥಿಯಂ ಕ್ಲೋರೈಡ್ 11. ಕರಗದ ಉಪ್ಪು ತಳದಲ್ಲಿ ಸದಾ ಕಾಣುತ್ತಿರಬೇಕು, ಬರೀ ದ್ರಾವಣವಾದರೆ ಸಂಖ್ಯೆ ತಪ್ಪುತ್ತದೆ. ಫಿಲ್ಟರ್ ಇಡುವ ಹಿಂದಿನ ದಿನವೇ ಡಬ್ಬಿ ಮುಚ್ಚಿ ಸಮತೋಲಕ್ಕೆ ಬರಲು ಬಿಡಿ. 97ರಲ್ಲಿ ಒಂದು ದಿನ, 75ರಲ್ಲಿ ಒಂದು ದಿನ, 33ರಲ್ಲಿ ಒಂದು ದಿನ, ಆಮೇಲೆ ಸಿಲಿಕಾ ಜೆಲ್. ಒಂದು ಸಾಕ್ಷಿ ಫಿಲ್ಟರನ್ನು ತೂಗುತ್ತಾ ಹೋಗಿ. ಎರಡು ತೂಕ ಒಂದೇ ಬಂದರೆ ಆ ಹಂತ ಮುಗಿದಂತೆ.

ನೀರು ಕೊಡುವುದರಲ್ಲೂ ಅವಸರ ಬೇಡ. ಒಣ ಪೊರೆಯ ಕೊಬ್ಬು ಗಟ್ಟಿ ಜೆಲ್ ಸ್ಥಿತಿಗೆ ಹೋಗುವುದನ್ನು ಟ್ರೆಹಲೋಸ್, ಸುಕ್ರೋಸ್ ಸಕ್ಕರೆಗಳು ಬಹುಮಟ್ಟಿಗೆ ತಡೆಯುತ್ತವೆ. ಅವು ಸಾಲದೆ ಹೋದಲ್ಲಿ ದ್ರವ ನೀರು ಒಮ್ಮೆಲೇ ಬಿದ್ದರೆ ಪೊರೆ ಸ್ಥಿತಿ ಬದಲಿಸುವ ಗಳಿಗೆಯಲ್ಲಿ ಒಳಗಿನದು ಸೋರುತ್ತದೆ. ಮೊದಲು 97ರ ಡಬ್ಬಿಯಲ್ಲಿ ಕತ್ತಲಲ್ಲಿ 12 ಗಂಟೆ, ನಂತರ ಬಿಜಿ-11 ಅಗಾರ್ ಮೇಲೆ ಫಿಲ್ಟರ್ ಇಟ್ಟು ಕತ್ತಲಲ್ಲಿ ಇನ್ನೊಂದು ದಿನ, ನಂತರ 5 ಮೈಕ್ರೋಮೋಲ್ ಬೆಳಕು. ಮೂರು ದಿನ ಕಳೆದ ಮೇಲೆ 15ಕ್ಕೆ ಏರಿಸಿ. ಒಂದು ವಾರಕ್ಕೆ ಸತ್ತಿತೆಂದು ತೀರ್ಪು ಕೊಡಬೇಡಿ, ಇದು ಆರಾಮದಲ್ಲಿದ್ದಾಗಲೇ ಆಮೆಯ ನಡೆ. 6ರಿಂದ 8 ವಾರ ಕಾಯಿರಿ.

ಕೆಂಪುದೀಪ:

ಹೊಳಪಿನ ಪ್ರಶ್ನೆಗೆ ಉತ್ತರ. ಕೆಂಪು ಪ್ರತಿದೀಪ್ತಿ ಹೇಳುವುದು ವರ್ಣದ್ರವ್ಯ ಅಲ್ಲಿದೆ ಎಂದಷ್ಟೇ. ಒಣ ಕೋಶದಲ್ಲಿ ಕಿಣ್ವಗಳು ಕೆಲಸ ಮಾಡುವುದಿಲ್ಲ, ಹಾಗಾಗಿ ಸತ್ತ ಕೋಶದ ಕ್ಲೋರೋಫಿಲ್ಲನ್ನು ಒಡೆಯುವವರೂ ಯಾರೂ ಇರುವುದಿಲ್ಲ. ನೀರು ಹಾಕಿದ ಮೊದಲ ಗಂಟೆಯಲ್ಲಿ ಸತ್ತದ್ದೂ ಹೊಳೆಯುತ್ತದೆ, ಬದುಕಿದ್ದೂ ಹೊಳೆಯುತ್ತದೆ. ನೀವು ನೋಡಿದ 'ಇದ್ದ ಹಸಿರೂ ಮಾಸುವುದು' ಅದರ ಮುಂದಿನ ಅಂಕ. ಸತ್ತ ಕೋಶಕ್ಕೆ ಬೆಳಕು ಬಿದ್ದು ವರ್ಣದ್ರವ್ಯ ಬಿಳಿಚುತ್ತಿದೆ.

ನೀರು ಕೊಟ್ಟು ಒಂದು ದಿನ ಕಳೆದ ಮೇಲೆ ಸೈಟಾಕ್ಸ್ ಗ್ರೀನ್ ಎಂಬ ಬಣ್ಣ ಹಾಕಿ ನೋಡಿ. 1 ಮೈಕ್ರೋಮೋಲಾರ್, ಕತ್ತಲಲ್ಲಿ 10 ನಿಮಿಷ, 488 ನ್ಯಾನೋಮೀಟರಿನಲ್ಲಿ ಪ್ರಚೋದನೆ. ಪೊರೆ ಹರಿದ ಕೋಶಕ್ಕೆ ಬಣ್ಣ ಒಳಹೊಕ್ಕು ಡಿಎನ್‌ಎ ಹಸಿರಾಗುತ್ತದೆ. ಕೆಂಪು ಮಾತ್ರ ಇದ್ದರೆ ಪೊರೆ ಗಟ್ಟಿ ಇದೆ, ಹಸಿರು ಮತ್ತು ಕೆಂಪು ಎರಡೂ ಇದ್ದರೆ ನಿಮ್ಮನ್ನು ಮೋಸಗೊಳಿಸಿದ ಕೋಶ ಅದೇ. 70 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ ಮಾದರಿಯನ್ನೂ ಜೊತೆಯಲ್ಲಿ ಓಡಿಸಿ. ಅದು ಪೂರ್ತಿ ಹಸಿರಾಗದಿದ್ದರೆ ಬಣ್ಣ ಲೋಳೆಯಲ್ಲೇ ಸಿಕ್ಕಿಕೊಳ್ಳುತ್ತಿದೆ, ಹೊತ್ತು ಹೆಚ್ಚಿಸಿ. ಲೋಳೆಯಲ್ಲಿ ಹೊರಗಿನ ಡಿಎನ್‌ಎ ಇದ್ದರೆ ಕೋಶದ ಸುತ್ತ ಮಸುಕು ಹಸಿರು ಮೋಡ ಕಾಣುತ್ತದೆ, ಅದನ್ನು ಸಾವೆಂದು ಎಣಿಸಬೇಡಿ.

ಈಗ ಎಣಿಕೆಯ ದೊಡ್ಡ ಬಲೆ. ಈ ಜೀವಿ ಒಂದೇ ಹೊದಿಕೆಯೊಳಗೆ ಹಲವು ಸಲ ಒಡೆದು ಗುಂಪಾಗಿಯೇ ಇರುತ್ತದೆ. ಒಂದು ಗುಂಪಿನಲ್ಲಿ 16 ಕೋಶ ಇವೆ, ಪ್ರತಿ ಕೋಶ ಬದುಕುವ ಸಾಧ್ಯತೆ 10 ಶೇಕಡಾ ಎಂದಿಟ್ಟುಕೊಳ್ಳಿ. ಹದಿನಾರೂ ಸಾಯುವ ಸಾಧ್ಯತೆ 0.9ರ ಹದಿನಾರನೇ ಘಾತ, ಅಂದರೆ 0.185. ಉಳಿದ 81 ಶೇಕಡಾ ಗುಂಪುಗಳು ಕಾಲೊನಿ ಕಟ್ಟುತ್ತವೆ. ಹತ್ತರಲ್ಲಿ ಒಂಬತ್ತು ಕೋಶ ಸತ್ತಿದ್ದರೂ ತಟ್ಟೆ 81 ಶೇಕಡಾ ಬದುಕಿವೆ ಎನ್ನುತ್ತದೆ. 'ಎಂಥ ಪ್ರಚಂಡ ಜೀವಿ' ಎಂಬ ಉದ್ಗಾರದಲ್ಲಿ ಒಂದು ಪಾಲು ಈ ಲೆಕ್ಕದ್ದು. ಆದ್ದರಿಂದ ಒಣಗಿಸುವ ಮೊದಲೇ ಒಂದು ಭಾಗವನ್ನು 26 ಗೇಜ್ ಸೂಜಿಯಲ್ಲಿ ಹತ್ತು ಸಲ ಎಳೆದುಬಿಟ್ಟು, ಗುಂಪಿಗೆ ಸರಾಸರಿ ಎಷ್ಟು ಕೋಶ ಉಳಿದಿವೆ ಎಂದು ಎಣಿಸಿ ಬರೆದಿಡಿ. ಪೂರ್ತಿ ಬಿಡಿಯಾಗುವುದಿಲ್ಲ, ಆದರೆ ಸಂಖ್ಯೆ ಗೊತ್ತಿದ್ದರೆ ತಿದ್ದಿ ಲೆಕ್ಕ ಹಾಕಬಹುದು. ತಟ್ಟೆಯ ಬದಲು ಹತ್ತರ ಸರಣಿಯ ದುರ್ಬಲೀಕರಣ, ಪ್ರತಿ ಹಂತಕ್ಕೆ 5 ನಳಿಕೆ, 8 ವಾರ ಇಟ್ಟು ಹಸಿರಾದದ್ದನ್ನು ಎಣಿಸುವ ವಿಧಾನ ಇಂಥ ನಿಧಾನದ ತಳಿಗೆ ಹೆಚ್ಚು ನಂಬಿಕಸ್ಥ.

ಪ್ಯಾಮ್ ಫ್ಲೋರೋಮೀಟರ್ (ಕ್ಲೋರೋಫಿಲ್ ಹೊಳಪಿನಿಂದ ದ್ಯುತಿಸಂಶ್ಲೇಷಣೆಯ ದಕ್ಷತೆ ಅಳೆಯುವ ಉಪಕರಣ) ಬಳಸುವುದಾದರೆ ಎಲೆಗೆ ಮಾಡುವಂತೆ 20 ನಿಮಿಷ ಕತ್ತಲಲ್ಲಿಟ್ಟು ಓದಬೇಡಿ. ಸಯಾನೋಬ್ಯಾಕ್ಟೀರಿಯಾ ಕತ್ತಲಲ್ಲಿ ಎರಡನೇ ಸ್ಥಿತಿಗೆ (ಹೀರಿದ ಬೆಳಕು ಕಡಿಮೆ ಹೊಳೆಯುವ ಒಂದನೇ ದ್ಯುತಿವ್ಯವಸ್ಥೆಯ ಕಡೆ ಹೆಚ್ಚು ಹರಿಯುವ ಸ್ಥಿತಿ) ಜಾರುತ್ತವೆ, ಗರಿಷ್ಠ ಪ್ರತಿದೀಪ್ತಿ ಕಡಿಮೆ ಕಾಣುತ್ತದೆ. ಮೇಲಾಗಿ ಬೆಳಕು ಹಿಡಿಯುವ ಪ್ರೋಟೀನ್ ಗೊಂಚಲಾದ ಫೈಕೋಬಿಲಿಸೋಮಿನ ಹೊಳಪು ತಳದ ಓದಿಗೆ ಸೇರಿಕೊಳ್ಳುತ್ತದೆ. ನಿಜವಾದ ಗರಿಷ್ಠ ಬೇಕಾದರೆ 10 ಮೈಕ್ರೋಮೋಲಾರ್ ಡಿಸಿಎಂಯು (ದ್ಯುತಿಸಂಶ್ಲೇಷಣೆಯ ಎಲೆಕ್ಟ್ರಾನ್ ಹರಿವನ್ನು ತಡೆಯುವ ರಾಸಾಯನಿಕ) ಹಾಕಿ ಬೆಳಕಿನಲ್ಲಿ ಅಳೆಯಿರಿ. ಆರೋಗ್ಯವಂತ ಎಲೆಯ 0.8ರ ದಕ್ಷತೆಯನ್ನು ಇಲ್ಲಿ ನಿರೀಕ್ಷಿಸಿದರೆ ಆರೋಗ್ಯವಂತ ಕಲ್ಚರೂ ರೋಗಿಯಾಗಿ ಕಾಣುತ್ತದೆ. ಒಣಗಿಸುವ ಮೊದಲಿನ ಓದಿನೊಂದಿಗೆ ಮಾತ್ರ ಹೋಲಿಸಿ.

ಉಪ್ಪುಗೆರೆ:

ಶಿಲಾಗರ್ಭ ಅವರ ಮಾತಿನಲ್ಲಿ ಒಂದು ಕಡೆ ಒಪ್ಪಿಗೆಯಿಲ್ಲ: 75 ಶೇಕಡಾ ಡಬ್ಬಿಯಲ್ಲಿ ಇಡೀ ದಿನ. ನಿಧಾನವಾದಷ್ಟೂ ಒಳ್ಳೆಯದು ಎಂಬುದು ಅರ್ಧ ಸತ್ಯ. ನಡುವಿನ ಆರ್ದ್ರತೆಯಲ್ಲಿ ಕೋಶ ತೇವವೂ ಅಲ್ಲ, ಗಾಜಿನಂತೆ ಗಟ್ಟಿಯೂ ಅಲ್ಲ. ಅಣುಗಳು ಓಡಾಡಿ ಹಾನಿಮಾಡುವಷ್ಟು ನೀರಿದೆ, ರಿಪೇರಿ ನಡೆಯುವಷ್ಟು ಇಲ್ಲ. ಅಲ್ಲಿ ತಂಗುವುದು ಕಡಿಮೆಯಾದಷ್ಟೂ ಲಾಭ. ನಿಧಾನ ಬೇಕಿರುವುದು 97ರಲ್ಲಿ. ಸಕ್ಕರೆ ಕೂಡಿಡುವುದು, ಜೀನುಗಳನ್ನು ಬದಲಿಸುವುದು ಎಲ್ಲ ಆಗುವುದು ಕೋಶಕ್ಕೆ ಇನ್ನೂ ಕೈಕಾಲು ಆಡುವಾಗಲೇ. ಅಲ್ಲಿ 24 ಗಂಟೆಯಲ್ಲ, 48 ಕೊಡಿ. ನಂತರ 75ನ್ನು ಬಿಟ್ಟು ನೇರ 33ಕ್ಕೆ ಹೋಗಬಹುದು.

75ಕ್ಕೆ ಇನ್ನೊಂದು ತಕರಾರು ಇದೆ. ಸೋಡಿಯಂ ನೈಟ್ರೇಟ್ 25 ಡಿಗ್ರಿಯಲ್ಲಿ ಗಾಳಿಯ ತೇವ ಹೀರಿ ತಾನೇ ಕರಗಲು ಶುರುಮಾಡುವುದು 74 ಶೇಕಡಾದ ಹತ್ತಿರ. ತೊಳೆಯದ ಮಾದರಿಯನ್ನು 75ರ ಡಬ್ಬಿಯಲ್ಲಿಟ್ಟರೆ ಅದು ಒಣಗುತ್ತಿಲ್ಲ, ಗಟ್ಟಿ ನೈಟ್ರೇಟ್ ನೀರಿನಲ್ಲಿ ನೆನೆಯುತ್ತಿದೆ! ಇದೇ ಗುಣ ಚಿಲಿಯ ಆಟಕಾಮ ಮರುಭೂಮಿಯಲ್ಲಿ ಜೀವ ಉಳಿಸುತ್ತದೆ ಎಂಬುದು ಬೇರೆ ಮಾತು. ಅಲ್ಲಿನ ಕಲ್ಲುಪ್ಪಿನ ಗಡ್ಡೆಗಳು ಆರ್ದ್ರತೆ 75 ದಾಟಿದಾಗ ಗಾಳಿಯಿಂದಲೇ ನೀರೆಳೆದುಕೊಳ್ಳುತ್ತವೆ, ಒಳಗಿನ ಸಯಾನೋಬ್ಯಾಕ್ಟೀರಿಯಾಕ್ಕೆ ಮಳೆ ಇಲ್ಲದ ಊರಲ್ಲಿ ಅದೇ ಮಳೆ. ಆದರೆ ಆ ಜೀವಿಗಳು ಪರ್ಯಾಪ್ತ ಉಪ್ಪುನೀರಿಗೆ ಒಗ್ಗಿದವು. ನಿಮ್ಮದು ಬಿಜಿ-11ರಲ್ಲಿ ಬೆಳೆದದ್ದು.

ಹಾಗೆಯೇ 97ರ ಡಬ್ಬಿಯಲ್ಲಿ ಆವಿ ಕೊಡುವುದರಿಂದ ಕೋಶ 'ಎದ್ದಿತು' ಎಂದುಕೊಳ್ಳಬೇಡಿ. ಹಸಿರು ಪಾಚಿಯಿರುವ ಕಲ್ಲುಹೂವುಗಳು ಬರೀ ತೇವದ ಗಾಳಿಯಲ್ಲೇ ದ್ಯುತಿಸಂಶ್ಲೇಷಣೆ ಶುರುಮಾಡುತ್ತವೆ, ಸಯಾನೋಬ್ಯಾಕ್ಟೀರಿಯಾ ಇರುವವಕ್ಕೆ ದ್ರವ ನೀರೇ ಬೇಕು. ಆವಿಯ ಹಂತ ಪೊರೆಯನ್ನು ಮೆತ್ತಗೆ ಮಾಡಲು, ಅಷ್ಟೇ.

ಶಿಲಾಗರ್ಭ:

75ರ ವಿಷಯ ಒಪ್ಪಿದೆ, ತೊಳೆಯದ ಮಾದರಿಗಂತೂ ಅದು ಸಲ್ಲದು. 97ರಲ್ಲಿ 48 ಗಂಟೆ ಇಡುವುದಾದರೆ ಫಿಲ್ಟರಿನ ಮೇಲೆ ಬೂಷ್ಟು ಬರುತ್ತದೆಯೇ ನೋಡಿಕೊಳ್ಳಿ. ಕಲ್ಚರ್ ಶುದ್ಧವಾಗಿಲ್ಲದಿದ್ದರೆ ಬೂಷ್ಟು ಏಳುವುದು ಅಲ್ಲೇ.

ಹಸಿರುಪೊರೆ:

ಉಂಗುರ ಕಟ್ಟುವುದು ನಿಜ, ಸ್ಲೈಡಿನಲ್ಲಿ ಅಂಚಷ್ಟೇ ಹಸಿರಾಗಿರುತ್ತದೆ. ಇಂಡಿಯಾ ಇಂಕಿನಲ್ಲಿ ಹತ್ತು ದಿನದ ಕಲ್ಚರಿಗೆ ಬಳೆ ತೀರಾ ತೆಳು, ಮೂಲೆಯಲ್ಲಿ ಮರೆತ ಮೂರು ತಿಂಗಳ ಫ್ಲಾಸ್ಕಿನದ್ದಕ್ಕೆ ದಪ್ಪ. ತಳಿ ಕೆಟ್ಟಿಲ್ಲ ಎಂದಾಯಿತು.

ಆದರೆ ಒಣಗಿಸದ ಕಲ್ಚರೂ ಅಗಾರ್ ಮೇಲೆ ಸರಿಯಾಗಿ ಬರುತ್ತಿಲ್ಲ. ಅಗಾರ್ ಮತ್ತು ಬಿಜಿ-11 ಒಟ್ಟಿಗೆ ಆಟೋಕ್ಲೇವ್ ಮಾಡಿ 20 ಮಿಲಿಲೀಟರ್ ಸುರಿದ ತಟ್ಟೆಗಳು. ಐದನೇ ವಾರಕ್ಕೆ ತಟ್ಟೆಯೇ ಒಣಗಿ ಸಿಪ್ಪೆಯಾಗುತ್ತದೆ. ಅತಿನೇರಳೆಯ ಪ್ರಮಾಣದ ಬಗ್ಗೆಯೂ ಯಾರಾದರೂ ಹೇಳಿ.

ಅಗಾರ್‌ತಟ್ಟೆ:

ಒಟ್ಟಿಗೆ ಆಟೋಕ್ಲೇವ್ ಮಾಡುವುದೇ ತೊಂದರೆ. ಅಗಾರ್ ಮತ್ತು ಲವಣ ಒಟ್ಟಿಗೆ ಬೆಂದಾಗ ಸಯಾನೋಬ್ಯಾಕ್ಟೀರಿಯಾಕ್ಕೆ ವಿಷವಾಗುವ ಪದಾರ್ಥಗಳು ಹುಟ್ಟುತ್ತವೆ. ಸಾಮಾನ್ಯ ಬ್ಯಾಕ್ಟೀರಿಯಾಕ್ಕೆ ಅದು ಲೆಕ್ಕಕ್ಕಿಲ್ಲ, ತೆಳುವಾಗಿ ಬಿತ್ತಿದ ಒಂಟಿ ಕೋಶಕ್ಕೆ ಮಾತ್ರ ಮಾರಕ. ಎರಡು ಪಟ್ಟು ಗಟ್ಟಿಯ ಬಿಜಿ-11 ಒಂದು ಬಾಟಲಿ, ಎರಡು ಪಟ್ಟು ಗಟ್ಟಿಯ ಅಗಾರ್ (ಕೊನೆಗೆ 1 ಶೇಕಡಾ ಆಗುವಂತೆ) ಇನ್ನೊಂದು ಬಾಟಲಿ. ಬೇರೆಬೇರೆ ಆಟೋಕ್ಲೇವ್ ಮಾಡಿ, ಎರಡೂ 50 ಡಿಗ್ರಿಗೆ ಬಂದಮೇಲೆ ಬೆರೆಸಿ. ಅಗಾರ್ ಪುಡಿಯನ್ನು ಹಿಂದಿನ ದಿನ ಶುದ್ಧ ನೀರಿನಲ್ಲಿ ನೆನೆಸಿ, ನೀರು ಬಣ್ಣ ಬಿಡುವುದು ನಿಲ್ಲುವ ತನಕ ತೊಳೆದರೆ ಇನ್ನೂ ಉತ್ತಮ.

ಬಿಜಿ-11 ಲೀಟರಿಗೆ: ಸೋಡಿಯಂ ನೈಟ್ರೇಟ್ 1.5 ಗ್ರಾಂ, ಡೈಪೊಟ್ಯಾಸಿಯಂ ಹೈಡ್ರೋಜನ್ ಫಾಸ್ಫೇಟ್ 0.04, ಮೆಗ್ನೀಸಿಯಂ ಸಲ್ಫೇಟ್ ಹೆಪ್ಟಾಹೈಡ್ರೇಟ್ 0.075, ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 0.036, ಸೋಡಿಯಂ ಕಾರ್ಬೊನೇಟ್ 0.02, ಸಿಟ್ರಿಕ್ ಆಮ್ಲ ಮತ್ತು ಫೆರಿಕ್ ಅಮೋನಿಯಂ ಸಿಟ್ರೇಟ್ ತಲಾ 0.006, ಡೈಸೋಡಿಯಂ ಇಡಿಟಿಎ 0.001, ಜೊತೆಗೆ ಸೂಕ್ಷ್ಮ ಧಾತುಗಳ ದ್ರಾವಣ 1 ಮಿಲಿಲೀಟರ್. ತಣ್ಣಗಾದ ಮೇಲೆ ಪಿಎಚ್ 7.1ರಿಂದ 7.4 ಇರಬೇಕು. ಫಾಸ್ಫೇಟನ್ನು ಬೇರೆಯೇ ಆಟೋಕ್ಲೇವ್ ಮಾಡಿ ಕೊನೆಗೆ ಸೇರಿಸಿದರೆ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಗಸಿ ಕೂರುವುದಿಲ್ಲ. ಕಬ್ಬಿಣದ ದ್ರಾವಣ ಬೆಳಕಿಗೆ ಕೆಡುತ್ತದೆ, ಕಂದು ಬಾಟಲಿಯಲ್ಲಿಡಿ.

90 ಮಿಲಿಮೀಟರ್ ತಟ್ಟೆಗೆ 35ರಿಂದ 40 ಮಿಲಿಲೀಟರ್ ಸುರಿಯಿರಿ, ಅಂಚಿಗೆ ಪ್ಯಾರಾಫಿಲ್ಮ್ ಸುತ್ತಿ, ಮುಚ್ಚಳ ಇರುವ ಪಾರದರ್ಶಕ ಡಬ್ಬಿಯಲ್ಲಿ ಒದ್ದೆ ಹತ್ತಿಯ ಜೊತೆ ಇಡಿ. ಎರಡು ತಿಂಗಳು ತಾಳುತ್ತದೆ. ಹಸಿರು ಪಾಚಿ ಬೆರೆತಿದ್ದರೆ ಸೈಕ್ಲೋಹೆಕ್ಸಿಮೈಡ್ ಮಿಲಿಲೀಟರಿಗೆ 50 ಮೈಕ್ರೋಗ್ರಾಂ, ಮಾಧ್ಯಮ ತಣಿದ ಮೇಲೆ. ಮನುಷ್ಯರಿಗೂ ವಿಷ ಅದು, ಪುಡಿ ತೂಗುವಾಗ ಕೈಗವಸು ಮತ್ತು ಮುಖಗವಸು ತಪ್ಪಿಸಬೇಡಿ. ಹೊದಿಕೆಗೆ ಅಂಟಿಕೊಂಡ ಬ್ಯಾಕ್ಟೀರಿಯಾವನ್ನು ಅದು ಮುಟ್ಟುವುದಿಲ್ಲ. ಅವು ಇವೆಯೇ ಎಂದು ಆರ್2ಎ ಅಗಾರ್ (ಸಾಮಾನ್ಯ ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಮೇಲೆ ಒಂದು ಗೆರೆ ಎಳೆದು ಕತ್ತಲಲ್ಲಿ ವಾರ ಇಟ್ಟು ನೋಡಿ.

ನೇರಳೆಯಾಚೆ:

ಅತಿನೇರಳೆಗೆ ಬರೋಣ. ಪ್ರಮಾಣ ಎಂದರೆ ತೀವ್ರತೆ ಗುಣಿಸು ಸಮಯ. ಮಾದರಿ ಇರುವ ಜಾಗದಲ್ಲೇ ರೇಡಿಯೋಮೀಟರ್ ಇಟ್ಟು ಅಳೆಯಿರಿ. ಚದರ ಮೀಟರಿಗೆ 1 ವಾಟ್ ಬಂದರೆ 1000 ಸೆಕೆಂಡಿಗೆ 1 ಕಿಲೋಜೂಲ್. ದೀಪ ಹೊತ್ತಿಸಿ ಕಾಲು ಗಂಟೆ ಬಿಟ್ಟು ಅಳೆಯಿರಿ, ತಣ್ಣನೆಯ ದೀಪ ಸ್ಥಿರವಾಗಿರುವುದಿಲ್ಲ. ಮುಚ್ಚಳ ತೆಗೆಯಿರಿ: ಗಾಜು, ಪಾಲಿಸ್ಟೈರೀನ್ ಎರಡೂ 254 ನ್ಯಾನೋಮೀಟರನ್ನು ತಡೆಯುತ್ತವೆ. ಮುಚ್ಚಿದ ತಟ್ಟೆಯಲ್ಲಿ 'ಬದುಕಿದ' ಜೀವಿಗಳ ಲೆಕ್ಕ ಯಾರೂ ಇಟ್ಟಿರಲಿಕ್ಕಿಲ್ಲ.

ಎಲ್ಲಕ್ಕಿಂತ ಮುಖ್ಯ ಪದರ. ಕೋಶದ ವ್ಯಾಸ 3.5 ಮೈಕ್ರೋಮೀಟರ್ ಎಂದರೆ ಅದು ಆವರಿಸುವ ಜಾಗ ಸುಮಾರು 9.6 ಚದರ ಮೈಕ್ರೋಮೀಟರ್. ಒಂದು ಚದರ ಸೆಂಟಿಮೀಟರಿನಲ್ಲಿ 10 ಕೋಟಿ ಚದರ ಮೈಕ್ರೋಮೀಟರ್ ಇದೆ, ಅಂದರೆ 1 ಕೋಟಿ ಕೋಶ ಹಾಕಿದರೆ ನೆಲ ಪೂರ್ತಿ ಮುಚ್ಚಿತು. ಅದಕ್ಕಿಂತ ಹೆಚ್ಚಾದರೆ ಮೇಲಿನದು ಸತ್ತು ಕೆಳಗಿನದಕ್ಕೆ ಕೊಡೆಯಾಗುತ್ತದೆ. ಒಂದೇ ಪದರ ಬೇಕಿದ್ದರೆ ಚದರ ಸೆಂಟಿಮೀಟರಿಗೆ 20 ಲಕ್ಷ ದಾಟಬೇಡಿ. ಪ್ರಕಟಿಸುವಾಗ ಈ ಸಂಖ್ಯೆ ಬರೆಯದಿದ್ದರೆ ಕಿಲೋಜೂಲ್ ಬರೆದೂ ಉಪಯೋಗವಿಲ್ಲ.

ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ 2005ರಲ್ಲಿ ಕಾಕೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಸಾಕ್ಷಿ. ಒಣಗಿದ ಕ್ರೂಕಾಕ್ಸಿಡಿಯಾಪ್ಸಿಸ್ 029 ತಳಿಯ ಒಂಟಿ ಪದರಕ್ಕೆ ಮಂಗಳನ ನೆಲದ ಅತಿನೇರಳೆಯನ್ನು ಅನುಕರಿಸಿ ಬಿಟ್ಟಾಗ 5 ನಿಮಿಷಕ್ಕೆ 99 ಶೇಕಡಾ ಸತ್ತವು, ಅರ್ಧ ಗಂಟೆಗೆ ಏನೂ ಉಳಿಯಲಿಲ್ಲ. ಅದೇ ತಳಿ 1 ಮಿಲಿಮೀಟರ್ ಮಣ್ಣು ಅಥವಾ ಕಲ್ಲಿನ ಕೆಳಗೆ ಬದುಕಿತು. ಹಾಗಿದ್ದೂ 'ಮಂಗಳನಲ್ಲಿ ಬದುಕುವ ಪಾಚಿ' ಎಂದು ಬರೆಯುವವರು ಆ ಒಂದು ಮಿಲಿಮೀಟರನ್ನು ನುಂಗಿಬಿಡುತ್ತಾರೆ.

ಎಕ್ಸ್-ಕಿರಣದ ಕತೆ ಬೇರೆ, ಅದಕ್ಕೆ ಪದರ ಅಡ್ಡಬರುವುದಿಲ್ಲ. 2000ದಲ್ಲಿ ಬಿಲ್ಲಿ ಮತ್ತು ಸಂಗಡಿಗರು ತೋರಿಸಿದಂತೆ 2.5 ಕಿಲೋಗ್ರೇಯಲ್ಲಿ (ಗ್ರೇ ಎಂದರೆ ಹೀರಿದ ವಿಕಿರಣದ ಅಳತೆ) ತಳಿಗೆ ತಕ್ಕಂತೆ 35ರಿಂದ 80 ಶೇಕಡಾ ಬದುಕಿದವು, 5ರಲ್ಲಿ ಹತ್ತರಿಂದ ನೂರು ಪಟ್ಟು ಇಳಿಕೆ, 20ರಲ್ಲಿ ಒಂದೂ ಇಲ್ಲ. ಚೂರಾದ ಡಿಎನ್‌ಎಯನ್ನು ಒಂದು ದಿನದೊಳಗೆ ಜೋಡಿಸಿಕೊಳ್ಳುತ್ತದೆ. ಕಲ್ಲೊಳಗಿನ ಜೀವಿಗೆ ಇಷ್ಟು ವಿಕಿರಣ ಎಂದೂ ಬಿದ್ದಿರಲಾರದು, ಒಣಗಿದಾಗಲೂ ಡಿಎನ್‌ಎ ಹೀಗೇ ತುಂಡಾಗುತ್ತದೆ, ಆ ರಿಪೇರಿಯ ಅಭ್ಯಾಸವೇ ಇಲ್ಲೂ ಕೆಲಸಕ್ಕೆ ಬಂದಿದೆ ಎಂಬ ವಿವರಣೆ ಹೆಚ್ಚು ಸರಿ ಕಾಣುತ್ತದೆ.

ಕಿರಣ ಬಿಟ್ಟ ನಂತರ ಮಾದರಿಯನ್ನು ಬಿಳಿ ಬೆಳಕಿಗೆ ತರಬೇಡಿ. ನೀಲಿ ಮತ್ತು ಹತ್ತಿರದ ಅತಿನೇರಳೆ ಬೆಳಕು ಫೋಟೋಲೈಯೇಸ್ ಕಿಣ್ವವನ್ನು ಎಬ್ಬಿಸಿ ಹಾನಿಯ ಒಂದು ಭಾಗವನ್ನು ಅಳಿಸುತ್ತದೆ. ಕತ್ತಲ ರಿಪೇರಿ ಮಾತ್ರ ಅಳೆಯಬೇಕಿದ್ದರೆ ಕೆಂಪು ಬೆಳಕಿನಲ್ಲೇ ಕೆಲಸ ಮಾಡಿ, ಎರಡು ದಿನ ಕತ್ತಲಲ್ಲಿಡಿ. ಎರಡೂ ಬೇಕಿದ್ದರೆ ಮಾದರಿಯನ್ನು ಎರಡು ಪಾಲು ಮಾಡಿ.

ಇನ್ನೊಂದು ಮಾತು. ಬಿಳಿ ಎಲ್‌ಇಡಿ ಕೆಳಗೆ ಬೆಳೆದ ಕಲ್ಚರಿನಲ್ಲಿ ಸೈಟೋನೆಮಿನ್ ಇರುವುದೇ ಇಲ್ಲ ಎನ್ನಬಹುದು. ಹೊದಿಕೆಯಲ್ಲಿ ಕೂಡುವ ಈ ಕಂದು ವರ್ಣದ್ರವ್ಯ ಹುಟ್ಟಲು ಅತಿನೇರಳೆ-ಎ ಬೇಕು. ಪ್ರಯೋಗಕ್ಕೆ ಮೊದಲು ಎರಡು ವಾರ ಮಂದ ಅತಿನೇರಳೆ-ಎ ದೀಪ ಕೊಟ್ಟ ಗುಂಪೊಂದನ್ನೂ ಸೇರಿಸಿ. ಅಸಿಟೋನಿನಲ್ಲಿ ಕತ್ತಲಲ್ಲಿ ಇಡೀ ರಾತ್ರಿ ನೆನೆಸಿ 384 ನ್ಯಾನೋಮೀಟರಿನಲ್ಲಿ ಓದಿ. ಕ್ಲೋರೋಫಿಲ್ಲೂ ಕೆರೋಟಿನಾಯ್ಡೂ ಅಲ್ಲಿ ಸ್ವಲ್ಪ ಹೀರುವುದರಿಂದ 663 ಮತ್ತು 490ರ ಓದುಗಳಿಂದ ತಿದ್ದಿಕೊಳ್ಳಿ.

ಕೆಂಪುದೀಪ:

ಹೋಲಿಕೆಗೆ ಏನು ಇಟ್ಟುಕೊಂಡಿದ್ದೀರಿ? ಒಣಗಾಟ ತಾಳದ ಸಯಾನೋಬ್ಯಾಕ್ಟೀರಿಯಾ ಸಿನೆಕೋಸಿಸ್ಟಿಸ್ 6803 ಸಾಯುವ ಕಡೆಯ ಸಾಕ್ಷಿ ಆಗಬಹುದು. ಬದುಕುವ ಕಡೆಗೂ ಒಂದು ಬೇಕು, ಇಲ್ಲದಿದ್ದರೆ ಡಬ್ಬಿ ಕೆಟ್ಟಿದೆಯೋ ಜೀವಿ ಕೆಟ್ಟಿದೆಯೋ ಗೊತ್ತಾಗುವುದಿಲ್ಲ. ನೆಲದ ಮೇಲೆ ಲೋಳೆಯ ಹಾಳೆಯಾಗಿ ಬೆಳೆಯುವ ಸಯಾನೋಬ್ಯಾಕ್ಟೀರಿಯಾ ನಾಸ್ಟಾಕ್ ಕಮ್ಯೂನ್ ಸರಿಯಾದ ಆಯ್ಕೆ. ಒಣ ಸಸ್ಯಸಂಗ್ರಹದಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಇದ್ದ ಮಾದರಿ ನೀರು ಕೊಟ್ಟಾಗ ಬೆಳೆದ ದಾಖಲೆಯಿದೆ. ಅದರ ಏಳುವಿಕೆಗೆ ಒಂದು ಕ್ರಮವೂ ಇದೆ: ಮೊದಲು ಉಸಿರಾಟ, ಗಂಟೆಗಳ ನಂತರ ದ್ಯುತಿಸಂಶ್ಲೇಷಣೆ, ದಿನಗಳ ನಂತರ ಸಾರಜನಕ ಸ್ಥಿರೀಕರಣ. ಆಮ್ಲಜನಕದ ಎಲೆಕ್ಟ್ರೋಡ್ ಇದ್ದರೆ ಕತ್ತಲಲ್ಲಿ ಉಸಿರಾಟ ಶುರುವಾಯಿತೇ ಎಂದು ಮೊದಲ ಗಂಟೆಯಲ್ಲೇ ತಿಳಿಯಬಹುದು, ಎಂಟು ವಾರ ಕಾಯಬೇಕಿಲ್ಲ.

ಉಪ್ಪುಗೆರೆ:

ನಾಸ್ಟಾಕ್ ಡಬ್ಬಿಯನ್ನು ಪರೀಕ್ಷಿಸಲು ಸರಿ, ಅಂಕಿಗಳನ್ನು ಎದುರುಬದುರು ಇಡಲು ಅಲ್ಲ. ಅದರ ಒಣ ತೂಕದ ಬಹುಭಾಗ ಲೋಳೆ. ಮೇಲಾಗಿ ಹೊರಗಿನಿಂದ ತಂದದ್ದು ಶುದ್ಧ ಕಲ್ಚರ್ ಅಲ್ಲ, ನೀವು ಅಳೆದ ಉಸಿರಾಟ ಅದರ ಮೈಮೇಲಿನ ಬ್ಯಾಕ್ಟೀರಿಯಾದ್ದೂ ಇರಬಹುದು.

ಇದರ ಜೊತೆಗೇ ಒಂದು ಎಚ್ಚರಿಕೆ: ಒಣಗಾಟ ತಾಳಿದ್ದು ಎಲ್ಲವನ್ನೂ ತಾಳುತ್ತದೆ ಎಂದುಕೊಂಡು ಬಿಸಿ, ಆಮ್ಲ ಎಲ್ಲ ಪಟ್ಟಿಗೆ ಸೇರಿಸಬೇಡಿ. ಬಿಸಿಯಲ್ಲಿ ಮೇಲಿನ ಮಿತಿ ಯೆಲ್ಲೋಸ್ಟೋನ್ ಬುಗ್ಗೆಗಳ ಸಿನೆಕೋಕಾಕಸ್‌ನದು, 73 ಡಿಗ್ರಿ ಆಸುಪಾಸು, ಅದಕ್ಕಿಂತ ಮೇಲೆ ದ್ಯುತಿಸಂಶ್ಲೇಷಣೆಯೇ ಇಲ್ಲ. ಆಮ್ಲದಲ್ಲಿ ಪಿಎಚ್ 4ರ ಕೆಳಗೆ ಸಯಾನೋಬ್ಯಾಕ್ಟೀರಿಯಾ ಸಿಗುವುದಿಲ್ಲ ಎಂದು ಬ್ರಾಕ್ 1973ರಲ್ಲೇ ತೋರಿಸಿದರು, ಅಲ್ಲಿನ ಹಸಿರು ಸಯನಿಡಿಯಂ ಥರದ ಕೆಂಪು ಪಾಚಿಗಳದ್ದು. ಕ್ಷಾರದ ಕಡೆ ಆರ್ಥ್ರೋಸ್ಪೈರಾ ಪಿಎಚ್ 10ರಲ್ಲಿ ಹಾಯಾಗಿರುತ್ತದೆ. ಉಪ್ಪು ಹೆಚ್ಚಾದಂತೆ ಕೋಶ ಕೂಡಿಡುವ ಪದಾರ್ಥವೇ ಬದಲಾಗುತ್ತದೆ: ಸಿಹಿನೀರಿನವು ಸುಕ್ರೋಸ್ ಮತ್ತು ಟ್ರೆಹಲೋಸ್, ಸಮುದ್ರದವು ಗ್ಲುಕೋಸಿಲ್ ಗ್ಲಿಸರಾಲ್, ಅತಿ ಉಪ್ಪಿನವು ಗ್ಲೈಸೀನ್ ಬೀಟೇನ್. ಒಂದೊಂದಕ್ಕೂ ಬೇರೆ ಜೀವಿ, ಬೇರೆ ಉಪಾಯ.

ಹಸಿರುಪೊರೆ:

ಹಾಗಾದರೆ ಹೀಗೆ ಮಾಡುವುದು: ಮೂರು ತಿಂಗಳ ಫ್ಲಾಸ್ಕಿನಿಂದ ಶುರು, ಸೂಜಿಯಲ್ಲಿ ಬಿಡಿಸಿ ಗುಂಪಿನ ಸರಾಸರಿ ಎಣಿಕೆ, ಫಿಲ್ಟರ್, ತೊಳೆತ, ಕತ್ತಲಲ್ಲಿ 97ರಲ್ಲಿ 48 ಗಂಟೆ, 33ರಲ್ಲಿ 24, ಆಮೇಲೆ ಸಿಲಿಕಾ ಜೆಲ್. 7, 30, 90 ದಿನಕ್ಕೆ ತಲಾ ಐದು ಫಿಲ್ಟರ್. ಒಣ ಮಾದರಿಯನ್ನು ಗಾಳಿಯಲ್ಲಿ ಇಡುವುದೋ, ಗಾಳಿ ತೆಗೆದು ಇಡುವುದೋ?

ಶಿಲಾಗರ್ಭ:

30 ದಿನಕ್ಕೆ ಹೆಚ್ಚು ವ್ಯತ್ಯಾಸ ಕಾಣಲಿಕ್ಕಿಲ್ಲ, 90ಕ್ಕೆ ಕಾಣಬಹುದು. ಆಮ್ಲಜನಕ ಒಣ ಕೋಶವನ್ನೂ ನಿಧಾನವಾಗಿ ತಿನ್ನುತ್ತದೆ. ಅನುಕೂಲವಿದ್ದರೆ ಅರ್ಧ ಫಿಲ್ಟರುಗಳನ್ನು ಸಾರಜನಕ ತುಂಬಿದ ಗಾಜಿನ ಆಂಪ್ಯೂಲಿನಲ್ಲಿ ಬೆಸೆದಿಡಿ. 15 ದಿನಕ್ಕೊಮ್ಮೆ ಸಿಲಿಕಾ ಜೆಲ್ಲಿನ ಬಣ್ಣ ನೋಡಿ. ಡೆಸಿಕೇಟರ್ ಮುಚ್ಚಳದ ಗ್ರೀಸ್ ಒಣಗಿದ್ದರೆ ಆರ್ದ್ರತೆ ಸದ್ದಿಲ್ಲದೆ ಏರಿರುತ್ತದೆ.

ಅಗಾರ್‌ತಟ್ಟೆ:

ಆ ಮೂರು ತಿಂಗಳ ಫ್ಲಾಸ್ಕನ್ನು ಖಾಲಿ ಮಾಡುವ ಮೊದಲು ಅದರಿಂದ ಹತ್ತು ನಳಿಕೆ ಘನೀಕರಿಸಿಡಿ. 5 ಶೇಕಡಾ ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶವನ್ನು ಕಾಯುವ ದ್ರವ), ಹಾಕಿದ ಮೇಲೆ ಕತ್ತಲಲ್ಲಿ ಕಾಲು ಗಂಟೆ, ನಿಮಿಷಕ್ಕೆ 1 ಡಿಗ್ರಿಯಂತೆ ಇಳಿಸಿ ದ್ರವ ಸಾರಜನಕಕ್ಕೆ. ಎಬ್ಬಿಸುವಾಗ ಬೇಗ ಕರಗಿಸಿ, ಕೂಡಲೇ ಹತ್ತು ಪಟ್ಟು ಬಿಜಿ-11ರಲ್ಲಿ ತೆಳುಮಾಡಿ ಡಿಎಂಎಸ್‌ಒ ತೊಳೆದು, 24 ಗಂಟೆ ಕತ್ತಲು. ನಳಿಕೆಯ ಮೇಲೆ ತಾರೀಕಿನ ಜೊತೆ ಕಲ್ಚರಿನ ವಯಸ್ಸನ್ನೂ ಬರೆಯಿರಿ, ಮುಂದಿನ ಸಲ 10 ದಿನದ್ದನ್ನು ಮೂರು ತಿಂಗಳದ್ದೆಂದು ಒಣಗಿಸುವುದು ತಪ್ಪುತ್ತದೆ.